ಸೆಣಬಿನಲ್ಲಿ ಅರ್ಧ, ರಾಗಿಯಲ್ಲಿ ಅರ್ಧ

ಸಂಕ್ರಾಂತಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ, ಶೀಳನೆರೆ ಹೋಬಳಿಯ ನಮ್ಮ ಹೊಲದ ಕಣ. ಹಾಜರಿದ್ದವರು ನಾಲ್ವರು: ನಾನು, ನನ್ನ ತಮ್ಮ ಶಿವಣ್ಣ, ಹೊಲವನ್ನು ವಾರಕ್ಕೆ, ಅಂದರೆ ಅರ್ಧ ಪಾಲಿಗೆ, ಮಾಡುತ್ತಿದ್ದ ಚಿಕ್ಕತಾಯಮ್ಮ, ಅವಳ ಗಂಡ ಬೋರಯ್ಯ. ಕಣದ ಮೇಲೆ ರಾಗಿಯ ಎರಡು ರಾಶಿಗಳಿದ್ದವು. ಒಂದು ಹೊಲದ ರಾಗಿ ಒಂದೇ ರಾಶಿಯಾಗುವುದು ನಮ್ಮ ಕಡೆಯ ರೂಢಿ. ಎರಡು ಯಾಕಾದವು ಎಂದು ಹೇಳಬೇಕಾದರೆ ಅದರ ಹಿಂದಿನ ಬೇಸಿಗೆಯಿಂದ ಶುರು ಮಾಡಬೇಕು.

ಇದು ತೊಂಬತ್ತರ ದಶಕದ ನಡುವಿನ ಮಾತು. ಈಗ ನೆನಪಾಗಲು ಕಾರಣ ಒಂದು ವಾಸನೆ. ಮೊನ್ನೆ ನಾಗಮಂಗಲಕ್ಕೆ ಮದುವೆಗೆ ಹೋಗುವಾಗ ಬಸ್ಸು ಕೆಟ್ಟು ಹೊಲಗಳ ನಡುವೆ ನಿಂತಿತು. ಹಿಂದಿನ ದಿನ ಮಳೆಯಾಗಿತ್ತು. ಪಕ್ಕದ ಹೊಲದಲ್ಲಿ ಯಾರೋ ಹಸಿರು ಸೊಪ್ಪನ್ನು ಉತ್ತು ಮುಚ್ಚಿದ್ದರು, ಅದು ಕೊಳೆಯುತ್ತಿತ್ತು. ಹುಳಿ ಹತ್ತಿದ ಗಾಟು ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, ಏನೋ ಸತ್ತಿದೆ ಅಂದಳು. ಏನೂ ಸತ್ತಿಲ್ಲ, ಅದು ಸೆಣಬು ಎಂದು ನಾನು ಹೇಳಿದೆ. ಬಸ್ಸು ಸರಿಯಾಗುವವರೆಗೆ ಆ ವರ್ಷದ್ದೆಲ್ಲ ಸಾಲಾಗಿ ನೆನಪಾಯಿತು.

ಆಗ ನಾನು ಸಂತೆಬಾಚಹಳ್ಳಿಯಲ್ಲಿ ನರ್ಸಾಗಿದ್ದೆ. ಮನೆ ಪಾಂಡವಪುರದಲ್ಲಿ. ವಾರದ ದಿನಗಳಲ್ಲಿ ಕ್ವಾರ್ಟರ್ಸಿನಲ್ಲಿರುತ್ತಿದ್ದೆ, ಶನಿವಾರ ಸಂಜೆ ಮನೆಗೆ ಹೊರಡುವಾಗ ಸ್ವಲ್ಪ ಸುತ್ತು ಹಾಕಿ ಹೊಲ ನೋಡಿಕೊಂಡು ಹೋಗುತ್ತಿದ್ದೆ. ಟ್ರೇನಿಂಗ್ ಹಾಸ್ಟೆಲಿನಲ್ಲಿ ಕಲಿತ ಅಭ್ಯಾಸ, ಪಾಳಿ ಮುಗಿದ ಮೇಲೂ ಒಂದು ಸುತ್ತು ಹಾಕದೆ ಹೊರಡುವುದಿಲ್ಲ. ಹೊಲ ಎರಡೆಕರೆ, ಮಳೆಯಾಶ್ರಯದ ಕೆಂಪು ನೆಲ. ಅಪ್ಪ ಅದನ್ನು ನಮ್ಮಿಬ್ಬರ ಹೆಸರಿಗೂ ಬರೆದಿಟ್ಟು ಹೋಗಿದ್ದರು. ನಾವು ಉಳುವವರಲ್ಲ, ಹಾಗಾಗಿ ಚಿಕ್ಕತಾಯಮ್ಮನಿಗೆ ವಾರಕ್ಕೆ ಕೊಟ್ಟಿದ್ದೆವು. ವಾರ ಎಂದರೆ ಬೆಳೆದದ್ದರಲ್ಲಿ ಅರ್ಧ ಉಳುವವರಿಗೆ, ಅರ್ಧ ನೆಲದವರಿಗೆ. ಕಾಗದವಿಲ್ಲ, ಬಾಯಿಮಾತು. ನಮ್ಮ ಅರ್ಧದಲ್ಲಿ ರಾಗಿ ನಾನು ತೆಗೆದುಕೊಳ್ಳುತ್ತಿದ್ದೆ. ಮುಂಗಾರಿನಲ್ಲಿ ಬರುವ ಎಳ್ಳು ಶಿವಣ್ಣನಿಗೆ.

ಶಿವಣ್ಣನಿಗೆ ಶ್ರೀರಂಗಪಟ್ಟಣದಲ್ಲಿ ಹಗ್ಗದ ಅಂಗಡಿ. ಬಾವಿ ಹಗ್ಗ, ಗಾಡಿಗೆ ಕಟ್ಟುವ ಮಿಣಿ, ದನದ ಮೂಗುದಾರ, ಕಣ್ಣಿ. ಜೊತೆಗೆ ಗುದ್ದಲಿ, ಮಚ್ಚು. ವ್ಯಾಪಾರ ಬಲ್ಲವನು. ಒಂದು ಗಂಟು ಹಗ್ಗವನ್ನು ಕೈಯಲ್ಲಿ ತೂಗಿ ನೋಡಿಯೇ ಎಲ್ಲಿಯ ನಾರೆಂದು ಹೇಳುತ್ತಿದ್ದ.

ಆ ವರ್ಷ ಬೇಸಿಗೆಯಲ್ಲಿ ಚಿಕ್ಕತಾಯಮ್ಮ ಕ್ವಾರ್ಟರ್ಸಿಗೇ ಬಂದಳು. ಅವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಒಳಗೆ ಬಾ ಎಂದರೂ ಬಾಗಿಲಲ್ಲೇ ಕೂತು ಮಾತಾಡುವುದು ಅವಳ ಪದ್ಧತಿ.

"ಅಕ್ಕಾ, ಈ ಸಲ ಎಳ್ಳು ಹಾಕಕಿಲ್ಲ. ಸೆಣಬು ಚೆಲ್ತೀನಿ."

"ಯಾಕೆ?"

"ನೆಲದಲ್ಲಿ ಏನೂ ಇಲ್ಲ ಕಣಕ್ಕ. ಯೂರಿಯಾ ಹಾಕ್ದಾಗ ಹಸ್ರಾಯ್ತದೆ, ಆಮೇಲೆ ಹಂಗೇ ಕುಂತ್ಕತದೆ. ಸೆಣಬು ಹಾಕಿ, ಹೂ ಬಂದೇಟ್ಗೆ ಉತ್ತು ಮುಚ್ಬುಟ್ರೆ ನೆಲಕ್ಕೆ ಒಂದೀಟು ಜೀವ ಬತ್ತದೆ."

ಎಳ್ಳು ಬಿಟ್ಟರೆ ಅವಳಿಗೂ ನಷ್ಟವಿತ್ತು. ಮುಂಗಾರಿನಲ್ಲಿ ಅವಳ ಕೈಗೆ ಬರುತ್ತಿದ್ದದ್ದು ಅದೊಂದೇ ಬೆಳೆ. ಆದರೆ ಅವಳ ಲೆಕ್ಕ ರಾಗಿಯ ಮೇಲಿತ್ತು. ಮನೆಗೆ ವರ್ಷದ ಹಿಟ್ಟು ಈ ಹೊಲದಿಂದಲೇ ಆಗಬೇಕು. ಎರಡು ವರ್ಷದಿಂದ ಅದು ಯುಗಾದಿಯ ಹೊತ್ತಿಗೇ ಮುಗಿಯುತ್ತಿತ್ತು. ಬೋರಯ್ಯ ಸುಗ್ಗಿ ಮುಗಿದ ಮೇಲೆ ಪಾಂಡವಪುರದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ. ರಾಗಿ ಇನ್ನೂ ಕಡಿಮೆಯಾದರೆ ಅವಳೂ ಹಸುವನ್ನು ಮಾರಿ, ಗಂಡನ ಹಿಂದೆ ಕಬ್ಬಿನ ಗದ್ದೆಗೆ ಹೋಗಬೇಕು. ಅದು ತನಗೆ ಬೇಡ ಎಂದು ಅವಳು ಸ್ಪಷ್ಟವಾಗಿ ಹೇಳಿದಳು.

ನಾನು ಒಪ್ಪಿದೆ. ಶಿವಣ್ಣನಿಗೂ ಅಂಗಡಿಯಲ್ಲಿ ಹೇಳಿದೆ. ಅವನು ಯಾರಿಗೋ ಮಿಣಿ ಅಳೆದು ಕೊಡುತ್ತ, "ಏನಾದ್ರೂ ಹಾಕ್ಕೊಳ್ಲಿ ಅಕ್ಕ, ನಮ್ಮರ್ಧ ಬಂದ್ರೆ ಸರಿ" ಅಂದ.

ಏಪ್ರಿಲ್ ಕೊನೆಗೆ ಭರಣಿ ಮಳೆ ಹದವಾಗಿ ಬಂತು. ಬೋರಯ್ಯ ಒಂದು ಸಲ ಉತ್ತು ಬೀಜ ಚೆಲ್ಲಿದ. ಸೆಣಬಿಗೆ ಆರೈಕೆ ಬೇಕಿಲ್ಲ. ಕಳೆಯನ್ನು ಅದೇ ಅದುಮಿಕೊಂಡು ಮೇಲೇಳುತ್ತದೆ. ಜೂನ್ ಕೊನೆ, ಆರಿದ್ರಾ ಮಳೆಯ ಹೊತ್ತಿಗೆ ನನ್ನ ಎದೆಮಟ್ಟ ಬಂದು ಹಳದಿ ಹೂ ಬಿಟ್ಟಿತು. ಊರಿನವರು ದಾರಿಯಲ್ಲಿ ನಿಂತು ನೋಡಿ ಹೋಗುತ್ತಿದ್ದರು. ನಮ್ಮ ಹೊಲದಲ್ಲಿ ಅಷ್ಟು ಚೆನ್ನಾದ ಬೆಳೆ ನಿಂತು ಬಹಳ ವರ್ಷವಾಗಿತ್ತು.

ಉಳುವುದೆಂದು ಗೊತ್ತು ಮಾಡಿದ್ದ ಭಾನುವಾರ ನಾನೂ ಹೊಲದಲ್ಲಿದ್ದೆ. ಅಂಗಡಿಯಲ್ಲಿ ನಾನು ಹೇಳಿದ್ದನ್ನು ಮರೆತ ಶಿವಣ್ಣ ಅವತ್ತೇ ಎಳ್ಳಿಗೆಂದು ಖಾಲಿ ಚೀಲ ಹಿಡಿದು ಬಂದ. ಬೋರಯ್ಯ ನೇಗಿಲು ಹೂಡಿ ನಿಂತಿದ್ದ. ಇಬ್ಬರೂ ಒಂದೇ ಇಸ್ಕೂಲಿನಲ್ಲಿ ಕಲಿತವರು, ಒಬ್ಬರಿಗೊಬ್ಬರು ಬಹುವಚನವಿಲ್ಲ.

ಶಿವಣ್ಣ ಹೊಲವನ್ನು ನೋಡಿದ. ಒಂದು ಕಡ್ಡಿ ಮುರಿದು, ಉಗುರಿನಿಂದ ಸಿಪ್ಪೆ ಎಳೆದು, ಎರಡು ಬೆರಳಿನ ನಡುವೆ ಹೊಸೆದ.

"ಲೇ ಬೋರ, ನಿಲ್ಸ್ಲಾ. ಬಂಗಾರದಂಗಿರೋ ಬೆಳೆಗೆ ನೇಗ್ಲು ಹಾಕ್ತಿದ್ದೀಯಲ್ಲ, ತಲೆಗಿಲೆ ಕೆಟ್ಟದಾ?"

"ತಲೆ ಕೆಟ್ಟಿಲ್ಲ ಕಣ್ಲಾ ಸಿವು. ನೆಲ ಕೆಟ್ಟದೆ."

"ಇನ್ನೊಂದು ತಿಂಗ್ಳು ಬುಡು. ಕಾಯಿ ಕಟ್ಲಿ. ಕೆರೆಗೆ ಹಾಕಿ ಕೊಳ್ಸಿ ನಾರು ತಗಿಯವ. ಇಂಥ ನಾರು ನಾನು ದೂರದಿಂದ ತರಿಸ್ತಾ ಇವ್ನಿ, ಇಲ್ಲಿ ನಮ್ಮ ಹೊಲದಲ್ಲೇ ನಿಂತದೆ."

ಚಿಕ್ಕತಾಯಮ್ಮ ಬದುವಿನಿಂದ ಎದ್ದು ಬಂದಳು. "ತಿಂಗ್ಳು ಬುಟ್ರೆ ಕಡ್ಡಿ ಬಲ್ತೋಯ್ತದೆ ಕಣಪ್ಪ. ಬಲ್ತ ಕಡ್ಡಿ ನೆಲದೊಳಗೆ ಕರಗಕಿಲ್ಲ. ಉತ್ರೆ ಈಗ್ಲೇ ಉಳ್ಬೇಕು."

"ನಂಗೆ ಎಳ್ಳೂ ಇಲ್ಲ, ಸೆಣಬೂ ಇಲ್ಲ ಅಂದ್ರೆ ಹೆಂಗೆ? ವಾರ ಅಂದ್ಮೇಲೆ ಬೆಳೇಲಿ ಅರ್ಧ ನಂದು. ನನ್ನರ್ಧಾನ ಮಣ್ಣಿಗೆ ಹಾಕಕೆ ನಾನು ಒಪ್ಪಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅವಳ ಮಾತಿನಲ್ಲೂ ಇರಲಿಲ್ಲ. ಬೋರಯ್ಯ ಎತ್ತುಗಳ ಬೆನ್ನು ಸವರುತ್ತ ಆಕಾಶ ನೋಡಿದ. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದಳು.

"ಆಯ್ತು ಬುಡಿ. ಅವ್ರರ್ಧ ಅವ್ರು ಕುಯ್ಕಳ್ಲಿ. ನನ್ನರ್ಧ ನಾನು ಉಳ್ತೀನಿ. ಅಕ್ಕಾ, ನೀವೇ ಗೆರೆ ಹಾಕ್ಬುಡಿ."

ನಾನು ಹಗ್ಗ ಎಳೆಸಿ ಹೊಲದ ನಡುವೆ ಗೆರೆ ಹಾಕಿಸಿದೆ. ಗಾಡಿ ಜಾಡಿಗೆ ಹತ್ತಿರದ ಪಡುವಣ ಅರ್ಧವನ್ನು ಶಿವಣ್ಣ ಕೇಳಿದ, ಹೊರೆ ಸಾಗಿಸಲು ಅನುಕೂಲವೆಂದು. ಮೂಡಣ ಅರ್ಧ ಚಿಕ್ಕತಾಯಮ್ಮನಿಗಾಯಿತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿಯ ಹಳದಿ ಹೂವೆಲ್ಲ ಮಣ್ಣಿನ ಕೆಳಗೆ ಹೋಗಿತ್ತು. ಹೂ ಬಿಟ್ಟ ಬೆಳೆಯನ್ನು ಉತ್ತವರೆಂದು ಊರಿನಲ್ಲಿ ಕೆಲವರು ಆಡಿಕೊಂಡರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳಿಗೆ ಬೇರೆ ಚಿಂತೆಯಿತ್ತು. ಎಳ್ಳಿನ ಬದಲು ಹೆಸರೋ ಅಲಸಂದೆಯೋ ಹಾಕಿದ್ದರೆ ಹಸುವಿಗೆ ಹೊಟ್ಟಾದರೂ ಸಿಗುತ್ತಿತ್ತು. ಈಗ ದಿನಾ ಕೆರೆ ಏರಿಯ ಮೇಲೆ ಹುಲ್ಲು ಕುಯ್ಯಬೇಕಾಯಿತು.

ಆಮೇಲೆ ಪುನರ್ವಸು ಮಳೆ ಕೈಕೊಟ್ಟಿತು. ಮುಚ್ಚಿದ ಸೊಪ್ಪು ಕೊಳೆಯಲು ನೀರು ಬೇಕು. ನೀರಿಲ್ಲದೆ ಅದು ಮಣ್ಣಿನಲ್ಲಿ ಅರೆಬರೆ ಒಣಗಿ, ಅಲ್ಲಲ್ಲಿ ಹೊರಗೆ ಚಾಚಿಕೊಂಡು, ಬಾಚದ ತಲೆಯಂತೆ ಕಾಣುತ್ತಿತ್ತು. ಅತ್ತ ಪಡುವಣ ಅರ್ಧದಲ್ಲಿ ಸೆಣಬು ಚೆನ್ನಾಗಿಯೇ ಬಲಿಯಿತು. ಶಿವಣ್ಣ ಆಳು ಕರೆತಂದು ಕುಯ್ಯಿಸಿದ, ಕೆರೆಯ ಮೂಲೆಯಲ್ಲಿ ಹೊರೆಗಳನ್ನು ನೆನೆಹಾಕಿ ಮೇಲೆ ಕಲ್ಲು ಹೇರಿಸಿದ. ಕೊನೆಗೆ ಪುಷ್ಯ ಮಳೆ ಹಿಡಿದಾಗ ಹೊಲದಲ್ಲಿ ಚಿಕ್ಕತಾಯಮ್ಮನ ಅರ್ಧ, ಕೆರೆಯಲ್ಲಿ ಶಿವಣ್ಣನ ಅರ್ಧ, ಎರಡೂ ಒಟ್ಟಿಗೆ ಕೊಳೆತವು. ಊರಿನ ಎರಡೂ ಕಡೆಯಿಂದ ಒಂದೇ ವಾಸನೆ ಬರುತ್ತಿತ್ತು.

ಶಿವಣ್ಣನ ನಾರು ಬೆಳ್ಳಗೆ, ಉದ್ದಕ್ಕೆ ಬಂತು. ಗಾಡಿಯಲ್ಲಿ ಹೇರಿಕೊಂಡು ಹೋದ. ಅವನಿಗೆ ಲಾಭ ಆ ತಿಂಗಳಲ್ಲೇ ಕೈಗೆ ಬಂದಿತ್ತು.

ಮಳೆ ಹೋಗಿಬಿಟ್ಟೀತು ಎಂಬ ಅವಸರದಲ್ಲಿ ಚಿಕ್ಕತಾಯಮ್ಮ ಸೊಪ್ಪು ಪೂರ್ತಿ ಕರಗುವ ಮೊದಲೇ ರಾಗಿ ಬಿತ್ತಿಸಿದಳು. ಇನ್ನೊಂದಿಷ್ಟು ದಿನ ಕಾಯಬೇಕಿತ್ತು. ಕೊಳೆಯುತ್ತಿರುವ ಸೊಪ್ಪು ಮೊದಲು ನೆಲದಲ್ಲಿರುವ ಸತ್ವವನ್ನೇ ಹೀರಿಕೊಳ್ಳುತ್ತದೆ, ಕೊಡುವುದು ಆಮೇಲೆ. ಆಶ್ಲೇಷದಲ್ಲಿ ಅವಳ ಪೈರು ಹಳದಿಯಾಯಿತು. ಗೆರೆಯ ಆಚೆ, ಪಡುವಣ ಅರ್ಧದಲ್ಲಿ, ತಡವಾಗಿ ನಾಟಿ ಹಾಕಿ ಯೂರಿಯಾ ಎರಚಿದ್ದ ರಾಗಿ ಹಸಿರಾಗಿ ನಿಂತಿತ್ತು. ಅದನ್ನು ನಾಟಿ ಮಾಡಿದವಳೂ ಅವಳೇ. ಹೊಲ ಪೂರ್ತಿ ಅವಳ ದುಡಿಮೆ, ಒಂದು ಕಡೆ ಚೆನ್ನಾಗಿತ್ತು, ಒಂದು ಕಡೆ ಕೆಟ್ಟಿತ್ತು.

ಶಿವಣ್ಣ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಪಾಂಡವಪುರದ ನಮ್ಮ ಮನೆಗೆ ಬಂದವನು, ನನ್ನ ಜೊತೆ ಹೊಲಕ್ಕೂ ಬಂದ.

"ಏನ್ಲಾ ಬೋರ, ನಿನ್ನರ್ಧ ಅರಿಶಿನ ಬಳ್ಕೊಂಡು ಮದ್ವೆಗೆ ಕುಂತಂಗದೆ?"

"ಕುಂತಿರ್ಲಿ ಬುಡ್ಲಾ. ಮದ್ವೆ ಆದ್ಮೇಲೆ ಬಸ್ರಿ ಆಯ್ತದೆ. ಆಗ ನೀನೇ ಬಾಗಿನ ತತ್ತೀಯೆ."

ಬೋರಯ್ಯ ನಕ್ಕ. ಚಿಕ್ಕತಾಯಮ್ಮ ನಗಲಿಲ್ಲ. ಕಳೆ ಕೀಳುತ್ತಿದ್ದವಳು ತಲೆಯೆತ್ತದೆ ಸಾಲು ಮುಗಿಸಿದಳು. ಹೊರಡುವಾಗ ನನ್ನನ್ನು ಮಾತ್ರ ಕೇಳಿದಳು: "ಅಕ್ಕಾ, ಹಸೂನ ಈಗ್ಲೇ ಮಾರ್ಬುಡ್ಲಾ? ಹಬ್ಬದ ಸಂತೇಲಿ ಒಳ್ಳೆ ಗಿರಾಕಿ ಇರ್ತಾರೆ." ಕಾದು ನೋಡು ಎಂದೆ. ಕಾಯುವುದರಿಂದ ಒಳ್ಳೆಯದಾಗುತ್ತದೆಂದು ನನಗೆ ಗೊತ್ತಿತ್ತೆಂದಲ್ಲ.

ಹಬ್ಬ ಕಳೆದ ಮೇಲೆ ಮೂಡಣ ಅರ್ಧದ ಬಣ್ಣ ಬದಲಾಯಿತು. ಮೊದಲು ಬುಡ, ಆಮೇಲೆ ಎಲೆ. ಪಕ್ಕದ ಹಸಿರಿಗಿಂತ ಒಂದು ಪಟ್ಟು ದಟ್ಟವಾದ ಹಸಿರು. ತೆನೆ ಕಟ್ಟುವ ಹೊತ್ತಿಗೆ ಮಳೆ ಮತ್ತೆ ನಿಂತಿತು. ಬಿಸಿಲೇರಿದ ಮೇಲೆ ಹೋಗಿ ನಿಂತರೆ ನಾನು ಹಾಕಿಸಿದ ಗೆರೆ ಯಾರಿಗಾದರೂ ಕಾಣುತ್ತಿತ್ತು. ಪಡುವಣ ಕಡೆ ಎಲೆ ಸುರುಟಿಕೊಂಡಿತ್ತು, ಮೂಡಣ ಕಡೆ ಬಿಚ್ಚಿಕೊಂಡೇ ಇತ್ತು. ಬೆರಳು ಚುಚ್ಚಿ ನೋಡಿದರೆ ಮೂಡಣ ಮಣ್ಣಿನಲ್ಲಿ ತೇವವಿತ್ತು.

ಕುಯಿಲಿನಲ್ಲಿ ಚಿಕ್ಕತಾಯಮ್ಮ ಗೆರೆ ಮೀರದಂತೆ ಕುಯ್ಯಿಸಿದಳು. ಕುಯ್ದದ್ದನ್ನು ಎರಡು ಮೆದೆಯಾಗಿ ಒಟ್ಟಿದಳು. ಕಣ ಮಾಡಿದಾಗ ಒಂದನ್ನು ಬಡಿದು, ತೂರಿ, ಬದಿಗೆ ಸರಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿದಳು. ಹಾಗೆ ರಾಶಿ ಎರಡಾದವು. ಮೂಡಣ ಅರ್ಧದ್ದು ದೊಡ್ಡದು. ಊರೆಲ್ಲ ಬಂದು ನೋಡುವಷ್ಟೇನೂ ದೊಡ್ಡದಲ್ಲ. ಹೋದ ಎಳ್ಳು, ಹುಲ್ಲಿನ ತೊಂದರೆ, ಎರಡು ಸಲದ ಉಳುಮೆ ಎಲ್ಲ ಸೇರಿಸಿ ನೋಡಿದರೆ ಆ ವರ್ಷಕ್ಕೆ ಹೆಚ್ಚೂಕಡಿಮೆ ಸಮಕ್ಕೆ ಸಮ ಅನ್ನಬಹುದು. ಲಾಭ ಬರುವುದಿದ್ದರೆ ಮುಂದಿನ ವರ್ಷ. ಅವಳಿಗೂ ಅದು ಗೊತ್ತಿತ್ತು. ಶಿವಣ್ಣನಿಗೂ ಗೊತ್ತಾಗಿತ್ತು ಎಂಬುದು ಸಂಕ್ರಾಂತಿ ಕಳೆದ ಆ ಭಾನುವಾರ ಬೆಳಿಗ್ಗೆ ತಿಳಿಯಿತು.

ರಾಗಿಯ ಪಾಲು ನನ್ನದಾದರೂ ಅವತ್ತು ಅವನು ಬಂದ, ಬಂದವನೇ ಎರಡು ರಾಶಿಯನ್ನೂ ಸುತ್ತಿ ನೋಡಿದ.

"ಇದ್ಯಾಕೆ ಎರಡು? ಸೇರ್ಸಿ ಅರ್ಧ ಮಾಡಿ."

ಚಿಕ್ಕತಾಯಮ್ಮ ಮೊರ ಕೆಳಗಿಟ್ಟಳು. "ಅದೆಂಗೆ ಸಿವಣ್ಣ? ಸೆಣಬಿನಲ್ಲಿ ಅರ್ಧ ಅಂದ್ರೆ ಹೊಲದಲ್ಲಿ ಅರ್ಧ ಅಂದ್ರಿ. ರಾಗೀಲಿ ಅರ್ಧ ಅಂದ್ರೆ ರಾಶೀಲಿ ಅರ್ಧ ಅಂತೀರಿ. ಅರ್ಧ ಅನ್ನೋದು ಒಂದೊಂದು ಕಿತ ಒಂದೊಂದು ತರ ಆಗ್ಬುಟ್ರೆ ನಾವು ಯಾವ್ದು ಅಂತ ಇಡ್ಕಳದು?"

"ವಾರ ಅಂದ್ರೆ ಯಾವ ಊರಲ್ಲಾದ್ರೂ ರಾಶೀಲಿ ಅರ್ಧಾನೆ."

"ಯಾವ ಊರಲ್ಲಿ ನಾರು ಪೂರ್ತಿ ಒಬ್ರೆ ತಗಂಡೋದ್ರು?"

ಬೋರಯ್ಯ ಬೀಡಿ ಹಚ್ಚಿಕೊಂಡು, "ಏನ್ಲಾ ಸಿವು, ಹಗ್ಗ ಅಳಿಯೋವಾಗ್ಲೂ ಇಂಗೇಯಾ? ಮೊಳ ಒಂದೊಂದು ಗಿರಾಕಿಗೆ ಒಂದೊಂದಾ?" ಅಂದ.

ಶಿವಣ್ಣ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುವುದು ಕಡಿಮೆ. ಗೆರೆಯ ತನಕ ನಡೆದುಹೋಗಿ, ಮೂಡಣ ಕಡೆ ಬಗ್ಗಿ ಒಂದು ಹಿಡಿ ಮಣ್ಣೆತ್ತಿ, ನಾರು ಹೊಸೆದ ಹಾಗೇ ಎರಡು ಬೆರಳಿನ ನಡುವೆ ಹೊಸೆದು ನೋಡಿದ. ವಾಪಸು ಬಂದು ನನಗೆ ಹೇಳಿದ:

"ಅವಳ ಮಾತೇ ಆಗ್ಲಿ ಅಕ್ಕ. ಮೂಡಲ ಕಡೆ ರಾಶಿ ಅವಳಿಗೆ, ಪಡುವಲ ಕಡೆ ರಾಶಿ ನಮಗೆ. ಇವತ್ತೇ ನೆಲಾನೂ ನಾನು ನೀನು ಪಾಲು ಮಾಡ್ಕಂಬುಡಣ. ಗೆರೆ ಹೆಂಗೂ ನೀನೇ ಹಾಕಿದ್ದೀಯೆ."

ಅವನು ಹೇಳಿದ್ದರ ಅರ್ಥ ನನಗೆ ತಕ್ಷಣ ತಿಳಿಯಿತು. ನಮ್ಮಲ್ಲಿ ಪಾಲಾಗುವಾಗ ದೊಡ್ಡವರು ಭಾಗ ಹಾಕಬೇಕು, ಚಿಕ್ಕವರು ಮೊದಲು ಆರಿಸಬೇಕು. ಭಾಗ ಹಾಕುವವರು ಮೋಸ ಮಾಡದಿರಲೆಂದು ಮಾಡಿದ ಪದ್ಧತಿ. ಗೆರೆ ಹಾಕಿದವಳು ನಾನು, ದೊಡ್ಡವಳು. ಆರಿಸುವವನು ಅವನು. ಬೇಡ ಎನ್ನಲು ನನಗೆ ಕಾರಣವಿರಲಿಲ್ಲ. ಅಳತೆ ಸರಿಯಿತ್ತು.

"ಯಾವ್ದು ನಿಂಗೆ?" ಎಂದೆ.

"ಮೂಡಲ ಕಡೇದು."

ಮೂಡಲ ಪಕ್ಕದ ಜಮೀನಿನವನಿಗೆ ಕೊಳವೆ ಬಾವಿಯಿತ್ತು. ತರಕಾರಿ ಬೆಳೆಯುವವನು. ಅವನೊಡನೆ ಶಿವಣ್ಣ ಮೊದಲೇ ಮಾತಾಡಿಕೊಂಡಿದ್ದ. ಮುಂಗಾರಿನಿಂದ ಆ ಅರ್ಧ ಗುತ್ತಿಗೆಗೆ ಹೋಗುವುದಿತ್ತು.

ಬೋರಯ್ಯ ಬೀಡಿ ಎಸೆದ. ಚಿಕ್ಕತಾಯಮ್ಮ ದೊಡ್ಡ ರಾಶಿಯ ಪಕ್ಕ ಕೂತು, ಕಾಳಿನೊಳಗೆ ಕೈ ಹಾಕಿ, ಬೆರಳುಗಳ ನಡುವೆ ಜಾರಿಸುತ್ತಿದ್ದಳು. ಆ ರಾಶಿ ಅವಳಿಗೇ ಬಂದಿತ್ತು. ಅದು ಬಂದ ನೆಲ ಹೋಗಿತ್ತು. ಹಸುವನ್ನು ಈ ವರ್ಷ ಮಾರಬೇಕಿರಲಿಲ್ಲ, ಮುಂದಿನ ವರ್ಷದ್ದು ಗೊತ್ತಿಲ್ಲ.

"ನನ್ನರ್ಧ ನೀನೇ ಮಾಡು, ಚಿಕ್ಕತಾಯಿ" ಎಂದೆ.

ಅವಳು ಪಡುವಲ ಕಡೆ ನೋಡಿ, "ಕೆಟ್ಟಿರೋ ಅರ್ಧ" ಅಂದಳು.

"ಹೌದು."

"ಮಾಡ್ತೀನಿ. ಆದ್ರೆ ಮುಂಗಾರಿಗೆ ಸೆಣಬು ಚೆಲ್ಲೋ ವರ್ಸ ನೀವು ವಾರ ಕೇಳಂಗಿಲ್ಲ, ರಾಗೀಲೂ ಕೇಳಂಗಿಲ್ಲ. ಬೀಜ ನೀವೇ ಕೊಡುಸ್ಬೇಕು. ನೆಲ ಸರೋಯ್ತು ಅಂತ ಬುಡ್ಸ್ಕಳಂಗೂ ಇಲ್ಲ."

"ಎಷ್ಟು ವರ್ಷ?"

"ನಾನು ಹಾಕಿದ್ನ ನಾನು ಉಣ್ಣೋಗಂಟ."

ಇಲ್ಲಿಯವರೆಗೆ ನೆಲ ನಮ್ಮದು, ಅದರ ಖರ್ಚು ಅವಳದ್ದಾಗಿತ್ತು. ಅವಳು ಕೇಳಿದ್ದು ನ್ಯಾಯವಾಗಿತ್ತು. ಒಪ್ಪಿದೆ. ಶಿವಣ್ಣ, "ಅಕ್ಕ, ನೀನು ವ್ಯಾಪಾರ ಮಾಡೋಳಲ್ಲ" ಎಂದು ನಕ್ಕ. ನಾನೂ ಅಲ್ಲವೆಂದೇ ಹೇಳಿದೆ.

ಪಾಲಾದ ದಿನವೇ ಬದು ಹಾಕುವುದು ಒಳ್ಳೆಯದು. ನಾಳೆಗೆ ಬಿಟ್ಟರೆ ಗೆರೆ ಸರಿಯುತ್ತದೆ, ಮನಸ್ಸೂ ಸರಿಯುತ್ತದೆ. ರಾಗಿಯನ್ನು ಮೂಟೆ ಕಟ್ಟಿ, ಹುಲ್ಲು ಒಟ್ಟಿ, ಉಪ್ಪೆಸರು ಮುದ್ದೆ ಉಂಡು, ಎಲ್ಲರೂ ಹೊಲದ ನಡುವೆ ಬಂದೆವು. ಶಿವಣ್ಣ ಅಂಗಡಿಯಿಂದ ತಂದಿದ್ದ ಹಗ್ಗವನ್ನು ಎರಡು ಗೂಟಕ್ಕೆ ಬಿಗಿದು ಕಟ್ಟಿದ. ಬೋರಯ್ಯನೂ ಚಿಕ್ಕತಾಯಮ್ಮನೂ ಗುದ್ದಲಿ ಹಿಡಿದರು. ನಾನು ಮಂಕರಿಯಲ್ಲಿ ಮಣ್ಣು ಹೊತ್ತೆ. ಶಿವಣ್ಣ ಹಗ್ಗ ಸರಿಯಿದೆಯೇ ಎಂದು ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ.

ಅರ್ಧ ಬದು ಆಗಿದ್ದಾಗ ಅವನು ನಿಂತ. ಬದುವಿನ ಮೂಡಲ ಪಕ್ಕದಲ್ಲಿ ಉದ್ದಕ್ಕೂ ಕಾಲುವೆಯಂತೆ ತಗ್ಗು ಬಿದ್ದಿತ್ತು. ಪಡುವಲ ಪಕ್ಕ ಒಂದು ಹೆಂಟೆಯೂ ಎದ್ದಿರಲಿಲ್ಲ.

"ಚಿಕ್ಕತಾಯಮ್ಮ, ಮಣ್ಣೆಲ್ಲ ನನ್ನ ಕಡೆಯಿಂದ್ಲೇ ತಗಿತಾ ಇದ್ದೀಯಲ್ಲ. ಬದು ಇಬ್ರಿಗೂ ಸೇರಿದ್ದು. ಎರಡೂ ಕಡೆಯಿಂದ ತಗಿ."

ಅವಳು ಪಡುವಲ ಕಡೆ ತಿರುಗಿ ಗುದ್ದಲಿ ಎತ್ತಿ ಒಂದು ಪೆಟ್ಟು ಹಾಕಿದಳು. ಠಣ್ಣೆಂದಿತು. ಒಂದಿಷ್ಟು ಚಕ್ಕೆ ಎದ್ದಿತು, ಅಷ್ಟೆ.

"ಈ ಕಡೆ ಗುದ್ಲಿ ಇಳಿಯಕಿಲ್ಲ ಕಣಪ್ಪ" ಅಂದಳು. "ನಿಮ್ಮ ಕಡೆ ಮೆತ್ತಗದೆ."

ಶಿವಣ್ಣ ಆ ತುದಿಯ ಗೂಟ ನೋಡಲು ಹೋದ. ಮತ್ತೆ ಆ ಮಾತು ಎತ್ತಲಿಲ್ಲ. ಅವಳು ಮೂಡಲ ಕಡೆಗೇ ತಿರುಗಿ, ಅದೇ ವೇಗದಲ್ಲಿ ಅಗೆದು ಎಳೆದಳು. ಬದುವಿನ ಇಳಿಜಾರು ಪಡುವಲಕ್ಕೆ, ತಾನು ಉಳುವ ಕಡೆಗೆ ಬರುವಂತೆ ಮಣ್ಣು ಬೀಳಿಸುತ್ತಿದ್ದಳು. ಮೊದಲ ಮಳೆಗೆ ಆ ಸತ್ವದ ಮಣ್ಣಿನಲ್ಲಿ ಒಂದಿಷ್ಟು ಕೊಚ್ಚಿ ಅವಳ ನೆಲಕ್ಕೇ ಇಳಿಯುತ್ತದೆ. ನಾನು ಅದನ್ನು ಗಮನಿಸಿದೆ. ಮಂಕರಿ ತುಂಬಿದಾಗಲೆಲ್ಲ ಹೊತ್ತೆ, ಅವಳು ಎಲ್ಲಿ ಸುರಿಯಿರಿ ಅಂದಳೋ ಅಲ್ಲೇ ಸುರಿದೆ.

ಬಿಸಿಲು ಇಳಿಯುವ ಮೊದಲು ಬದು ಕೆರೆ ಕಡೆಯ ತುದಿ ಮುಟ್ಟಿತು. ಕೊನೆಯ ಮಂಕರಿ ಮಣ್ಣು ಮೂಡಲ ಕಡೆಯದೇ. ಸುರಿದು, ಕಾಲಿನಿಂದ ಮೆಟ್ಟಿ ಗಟ್ಟಿ ಮಾಡಿ, ಮಂಕರಿ ಕೊಡವಿದೆ. ಬೋರಯ್ಯ ಗೂಟ ಕಿತ್ತ, ಶಿವಣ್ಣ ಹಗ್ಗ ಸುತ್ತಿಕೊಂಡ.